ಹುಣಸೂರಿನ ಗಾಲಿ ಸಾಬರು

ಹುಣಸೂರಿನಲ್ಲಿ ಎತ್ತಿನ ಗಾಡಿಗೆ ಗಾಲಿ ಮಾಡುವ ಸಾಬರೊಬ್ಬರಿದ್ದರು. ಹಸಿ ಮರಕ್ಕೆ ಉಳಿ ತಾಗಿಸಿದವರಲ್ಲ. ಯಾರು ಎಷ್ಟೇ ಅವಸರ ಮಾಡಲಿ, ಮರವನ್ನು ತಟ್ಟಿ, ಕಿವಿಗೊಟ್ಟು ಕೇಳಿ, “ಒಣಗಲಿ ಬುಡಿ” ಎನ್ನುತ್ತಿದ್ದರು.

ನಾನು ಇಂಟರ್‌ಮೀಡಿಯೆಟ್ ಪಾಸಾದಾಗ ಮುಂದಿನ ಓದನ್ನು ಅಪ್ಪ ಆಗಲೇ ತೀರ್ಮಾನಿಸಿಬಿಟ್ಟಿದ್ದರು: ಬಿ.ಎ., ಆಮೇಲೆ ಲಾ. ಹೊಲದ ಬದುವಿಗಾಗಿ ಚಿಕ್ಕಪ್ಪನ ಮೇಲೆ ದಾವೆ ಹಾಕಲು ಅವರಿಗೆ ಮನೆಯಲ್ಲೇ ಒಬ್ಬ ಲಾಯರು ಬೇಕಿತ್ತು. ನನಗೋ ಸಸ್ಯಶಾಸ್ತ್ರದ ಆಸೆ. ನನ್ನನ್ನು ಕಾಲೇಜಿಗೆ ಸೇರಿಸಲು ಪಿರಿಯಾಪಟ್ಟಣದ ಕಡೆಯಿಂದ ಮೈಸೂರಿಗೆ ಹೊರಟ ಅಪ್ಪ, ದಾರಿಯಲ್ಲಿ ಸಾಬರ ಅಂಗಡಿ ಮುಂದೆ ಗಾಡಿ ನಿಲ್ಲಿಸಿ ಹೆಮ್ಮೆಯಿಂದ ವಿಷಯ ಹೇಳಿದರು.

ಸಾಬರು ನನ್ನ ಮುಖ ನೋಡಿದರು. ಮರ ತಟ್ಟುವ ಹಾಗೇ ನನ್ನ ಬೆನ್ನು ತಟ್ಟಿ, “ಇನ್ನೂ ಹಸಿ ಐತೆ ಗೌಡ್ರೇ. ಒಂದು ವರ್ಷ ಒಣಗಲಿ ಬುಡಿ” ಎಂದರು.

“ಇದೇನು ಮರವಾ ಸಾಬ್ರೇ?” ಎಂದು ಅಪ್ಪ ಗಾಡಿ ಹೊಡೆದೇಬಿಟ್ಟರು.

ನಾನು ಲಾಯರಾಗಿ ಊರಿಗೆ ಬಂದ ವಾರವೇ ಅಪ್ಪ ದಾವೆಯ ಕಾಗದಗಳನ್ನು ತಂದು ಮುಂದೆ ಹರಡಿದರು. ಗೋಡೆಯಾಚೆ ಚಿಕ್ಕಪ್ಪ ಕೆಮ್ಮುವುದು ಕೇಳಿಸುತ್ತಿತ್ತು. ನಾನು ಕಾಗದಗಳನ್ನು ಮಡಿಸಿ, “ಒಣಗಲಿ ಬುಡಪ್ಪ” ಎಂದೆ.

ಅಪ್ಪ ಮಡಿಸಿದ ಕಾಗದಗಳನ್ನು ಕೈಗೆತ್ತಿಕೊಂಡರು.

“ನಿನ್ನ ಓದ್ಸಿದ್ದು ನಾನೇನ್ಲಾ, ಇಲ್ಲಾ ಆ ಸಾಬ್ರಾ?”