ಮಣ್ಣಕ್ಕ ಸಾಕಿದ ಬ್ಯಾಕ್ಟೀರಿಯಾ

ಮಣ್ಣು ಪರೀಕ್ಷಾ ಕೇಂದ್ರದ ಹಾಜರಿ ಪುಸ್ತಕದಲ್ಲಿ ಅವಳಿಗೆ ಬೇರೆ ಹೆಸರಿತ್ತು. ಮೂವತ್ತೆರಡು ವರ್ಷ ಎಲ್ಲರ ಬಾಯಲ್ಲೂ ಅವಳು ಮಣ್ಣಕ್ಕ. ಸೇರಿದ್ದು ಗಾಜಿನ ಸಾಮಾನು ತೊಳೆಯುವ ಕೆಲಸಕ್ಕೆ.

ಮೊದಲ ವಾರವೇ ದೊಡ್ಡ ಮೇಡಂ ಎರಡು ಗಾಜಿನ ತಟ್ಟೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದ್ದು ಅವಳಿಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಒಂದರಲ್ಲಿ ಬಿಳಿ, ಹಳದಿ, ಗುಲಾಬಿ ಚುಕ್ಕಿಗಳು ಒತ್ತೊತ್ತಾಗಿದ್ದವು. ಇನ್ನೊಂದರಲ್ಲಿ ಅಲ್ಲೊಂದು ಇಲ್ಲೊಂದು.

“ಎರಡೂ ಒಂದೇ ಹೊಲದ ಮಣ್ಣು. ಇದು ಔಷಧಿ ಹೊಡೆಯೋಕೆ ಮುಂಚೆ, ಇದು ಹೊಡೆದ ಮೇಲೆ. ಹುಳ ಸಾಯ್ಲಿ ಅಂತ ಹೊಡೀತೀವಿ, ಮಣ್ಣಿನ ಬ್ಯಾಕ್ಟೀರಿಯಾ, ಈ ಬಡಪಾಯಿಗಳೂ ಜೊತೆಗೆ ಹೋಗ್ತವೆ.”

“ಮತ್ತೆ ಉಳ್ಕೊಂಡಿರೋವು?”

“ಅವು ಘಾಟಿ ಕಣೇ. ಕೆಲವಂತೂ ಔಷಧೀನೇ ಊಟ ಮಾಡ್ಕೊಂಡ್ಬಿಡ್ತವೆ.”

ಅಂಥ ಘಾಟಿಯೊಂದು ಸಿಕ್ಕಿದ್ದು ಒಂದು ಬಾವಿಯ ಪಕ್ಕ, ರೈತರು ವರ್ಷಗಟ್ಟಲೆ ಸಿಂಪಡಿಸುವ ಡಬ್ಬಿ ತೊಳೆದು ನೀರು ಚೆಲ್ಲುತ್ತಿದ್ದ ಜಾಗದಲ್ಲಿ. ಮಣ್ಣು ಕೆರೆದು ತಂದವಳು ಮಣ್ಣಕ್ಕ. ಮೇಡಂ ಅದನ್ನು ಒಂದಿಷ್ಟು ಲವಣ, ಕೀಟನಾಶಕ ಬೆರೆಸಿದ ನೀರಿಗೆ ಹಾಕಿಟ್ಟರು. ತಿನ್ನಲು ಬೇರೇನೂ ಇರಲಿಲ್ಲ. ಎರಡು ವಾರದಲ್ಲಿ ಫ್ಲಾಸ್ಕಿನ ವಿಷ ಹೆಚ್ಚುಕಡಿಮೆ ಮಾಯ.

ಆಮೇಲೆ ತಿಂಗಳಿಗೊಮ್ಮೆ ಅದನ್ನು ಅದೇ ವಿಷ ಹಾಕಿದ ಹೊಸ ಟ್ಯೂಬಿಗೆ ದಾಟಿಸಬೇಕಿತ್ತು. ಸ್ಪಿರಿಟ್ ದೀಪ, ಕೆಂಪಗೆ ಕಾಯಿಸಿದ ತಂತಿ, ಹತ್ತಿಯ ಬಿರಡೆ. ಮೇಡಂ ನಿವೃತ್ತರಾದಾಗ ಈ ಕೆಲಸ ಮಣ್ಣಕ್ಕನ ಪಾಲಿಗೆ ಬಂತು. ವಿಷವನ್ನೇ ಏಕೆ ತಿನ್ನಿಸಬೇಕೆಂದು ಅವರು ಹೇಳಿರಲಿಲ್ಲ, ಇವಳೂ ಕೇಳಿರಲಿಲ್ಲ. ರಜೆಯಲ್ಲೂ ಬಂದು ದಾಟಿಸಿ ಹೋಗುತ್ತಿದ್ದಳು.

ಕೊನೆಕೊನೆಗೆ ಆ ಕೀಟನಾಶಕದ ಮಾರಾಟವೇ ನಿಂತಿತು. ಬಾಟಲಿಯ ತಳದಲ್ಲಿ ಉಳಿದದ್ದನ್ನು ಎತ್ತಿಟ್ಟು, ಮಣ್ಣಕ್ಕ ಟ್ಯೂಬುಗಳಿಗೆ ಬ್ಯಾಕ್ಟೀರಿಯಾ ಬೆಳೆಸಲೆಂದೇ ಕೇಂದ್ರದಲ್ಲಿದ್ದ ಪೌಷ್ಟಿಕ ಗಂಜಿ ಹಾಕತೊಡಗಿದಳು. ರಾತ್ರಿ ಕಳೆಯುವುದರೊಳಗೆ ಅವು ಕೆನೆಗಟ್ಟಿದಂತೆ ಬೆಳೆದವು.

“ಎಷ್ಟು ವರ್ಷ ವಿಷ ತಿಂದು ಬದುಕಿದ್ವು, ಪಾಪ. ಇನ್ನಾದ್ರೂ ಹೊಟ್ಟೆ ತುಂಬ ಉಣ್ಲಿ,” ಎಂದುಕೊಂಡಳು. ಹೀಗೆ ಎರಡು ವರ್ಷ.

ಅವಳ ನಿವೃತ್ತಿಗೆ ಮೂರು ವಾರವಿರುವಾಗ ಹೊಸ ಅಧಿಕಾರಿ ಆ ಟ್ಯೂಬುಗಳನ್ನು ಕೇಳಿದ. ಹಳೆಯ ಗೋದಾಮಿನ ನೆಲದಲ್ಲಿ ಅದೇ ವಿಷ ಇಂಗಿತ್ತು, ಅದನ್ನು ಇವುಗಳಿಂದ ಕರಗಿಸಬಹುದೇ ನೋಡಬೇಕಿತ್ತು. ಎರಡು ವಾರದ ನಂತರ ಮುಖ ಸಪ್ಪೆ ಮಾಡಿಕೊಂಡು ಬಂದ.

“ಅಕ್ಕಾ, ಇವು ಔಷಧಿ ಮುಟ್ತಾನೇ ಇಲ್ಲ. ಏನು ಹಾಕ್ತಿದ್ರಿ?”

ಅವಳು ಹೇಳಿದಳು. ಅವನು ಸ್ಟೂಲು ಎಳೆದುಕೊಂಡು ಕೂತ.

“ವಿಷ ಒಡೆಯೋ ವಿದ್ಯೆ ಅವುಗಳ ಮೈಯಲ್ಲಿ ಒಂದು ಗಂಟಿನ ಥರ ಬೇರೆಯಾಗೇ ಇರುತ್ತೆ. ಬೇಕಿಲ್ಲದ ಗಂಟು ಹೊತ್ಕೊಂಡು ಯಾರು ಓಡ್ತಾರೆ? ಬಿಸಾಕಿದವು ಬೇಗ ಬೆಳೆದ್ವು, ಹೊತ್ಕೊಂಡಿದ್ದವು ಹಿಂದೆ ಬಿದ್ವು.”

“ಅಂದ್ರೆ ಮುದ್ದು ಮಾಡಿ ನಾನೇ ಕೆಡಿಸ್ದೆ.”

ಮತ್ತೆ ಮಣ್ಣು ತರೋಣವೆಂದರೆ ಆ ಬಾವಿಯನ್ನು ಮುಚ್ಚಿ ಅದರ ಮೇಲೆ ರಸ್ತೆ ಮಾಡಿಯಾಗಿತ್ತು. ಉಳಿದದ್ದು ಒಂದೇ ಆಸೆ: ಕೋಟಿಗಟ್ಟಲೆ ಇರುವ ಇವುಗಳಲ್ಲಿ ಎಲ್ಲೋ ಒಂದೆರಡು ಇನ್ನೂ ಆ ಗಂಟು ಹೊತ್ತಿರಬಹುದು. ಬರೀ ಲವಣ, ಬಾಟಲಿಯ ತಳದ ಕೀಟನಾಶಕ ಹಾಕಿ ಮಣ್ಣಕ್ಕ ನಾಲ್ಕು ಫ್ಲಾಸ್ಕ್ ಸಿದ್ಧಮಾಡಿ, ಟ್ಯೂಬುಗಳಿಂದ ಒಂದೊಂದು ಹನಿ ಬಿಟ್ಟಳು. ಮತ್ತೊಮ್ಮೆ ಮಾಡಲು ವಿಷ ಉಳಿದಿರಲಿಲ್ಲ.

ಆರನೆಯ ದಿನ ಬೀಳ್ಕೊಡುಗೆ. ಭಾಷಣಗಳು ಮುಗಿದ ಮೇಲೆ ಒಳಗೆ ಹೋಗಿ ನೋಡಿದಳು. ನಾಲ್ಕೂ ತಿಳಿಯಾಗಿದ್ದವು, ಏನೂ ಬೆಳೆದಿರಲಿಲ್ಲ.

ಮನೆಯಲ್ಲಿ ಗಂಡ ಛೇಡಿಸಿದ. “ಘಳಿಗೆಗೊಂದ್ಸಲ ಫೋನ್ ನೋಡ್ತೀಯಲ್ಲೇ, ಮದುವೆ ಗೊತ್ತಾದ ಹುಡುಗಿ ಥರ!”

“ಸುಮ್ನಿರಿ. ನೀವು ನನ್ನ ನೋಡಿ ಹೋದಾಗ್ಲೂ ಇಷ್ಟು ಕಾದಿರ್ಲಿಲ್ಲ.”

ಹನ್ನೆರಡನೆಯ ದಿನ ಅಧಿಕಾರಿಯ ಕರೆ ಬಂತು.

“ಅಕ್ಕಾ, ಮೂರರಲ್ಲಿ ಏನೂ ಇಲ್ಲ. ನಾಲ್ಕನೇದು ಮಬ್ಬಾಗಿದೆ. ಅಳೆದೂ ನೋಡ್ದೆ, ಔಷಧಿ ಅರ್ಧಕ್ಕರ್ಧ ಇಲ್ಲ.”

“ಯಾರೂ ಮುಟ್ಬೇಡಿ ಸಾರ್. ಬಂದೆ.”

ಗೇಟಿನಲ್ಲಿ ಕಾವಲುಗಾರ ಸಂಕೋಚದಿಂದ ಪುಸ್ತಕ ಮುಂದೆ ಹಿಡಿದ. “ಬೇಜಾರ್ ಮಾಡ್ಕೋಬೇಡಿ ಅಕ್ಕಾ, ಈಗ ನೀವು ಹೊರಗಿನವ್ರು. ಯಾರನ್ನ ನೋಡ್ಬೇಕು ಅಂತ ಬರೀಬೇಕು.”

ಮಣ್ಣಕ್ಕ ಪೆನ್ನು ತೆಗೆದುಕೊಂಡು, ‘ನಾಲ್ಕನೇ ಫ್ಲಾಸ್ಕ್’ ಎಂದು ಬರೆದು ಒಳಗೆ ನಡೆದಳು.