ಒಂದು ಸ್ಟೂಲಿಗೆ ಒಂಬತ್ತು ತಿಂಗಳು

ಅಂಗಿಯೊಂದನ್ನು ಕತ್ತರಿಸಬೇಕೆಂದು ಮೇಜಿನ ಮುಂದೆ ನಿಂತ ಟೈಲರಮ್ಮನಿಗೆ ಬಟ್ಟೆ ಹಾಸಲು ಜಾಗವೇ ಇರಲಿಲ್ಲ. ಮೇಜಿನ ತುಂಬ ಗಂಡನ ಕಾಗದಗಳು. ಒಂದೊಂದರಲ್ಲೂ ಮರ ಕೊರೆಯಲು ಬಳಸುವ ಒಂದೊಂದು ಜಿಗ್ಗಿನ ಚಿತ್ರ, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಅದರ ತಪ್ಪುಗಳು.

"ರೀ, ಇವತ್ತಾದ್ರೂ ಒಂದು ತೀರ್ಮಾನಕ್ಕೆ ಬರ್ತೀರೋ, ಇಲ್ಲಾ ಇದನ್ನೆಲ್ಲ ಒಲೆಗೆ ಹಾಕಲೋ?"

"ಇನ್ನೆರಡೇ ಉಳಿದಿರೋದು ಕಣೇ," ಎಂದರು ಗಂಡ, ತಲೆಯೆತ್ತದೆ.

ಹೋದ ತಿಂಗಳೂ ಎರಡೇ ಉಳಿದಿದ್ದವು.

ಈ ಮಹಾಶಯರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವರು. ಮೂವತ್ತೆರಡು ವರ್ಷ ಅಂಗಡಿಯವರ ತಕ್ಕಡಿ, ಅಳತೆಗೋಲುಗಳ ಕಳ್ಳಾಟ ಹಿಡಿದವರು. ಬೀದಿಯವರು ಇಟ್ಟ ಹೆಸರು ಮಿಲಿಮೀಟರು. ನಿವೃತ್ತಿಯಾದದ್ದೇ ತಡ, ಮರಗೆಲಸದ ಹುಚ್ಚು ಹತ್ತಿತು. ಮೊದಲು ಮಾಡಿದ್ದು ಹೆಂಡತಿಗೊಂದು ಸ್ಟೂಲು. ನಾಲ್ಕು ಕಾಲಿಗೂ ಮೊಳೆ ಹೊಡೆದು, ಬಣ್ಣ ಬಳಿದು, "ಆನೆ ಕೂತರೂ ಅಲ್ಲಾಡಲ್ಲ" ಎಂದು ಜಂಬ ಕೊಚ್ಚಿಕೊಂಡಿದ್ದರು. ಆನೆ ಬರಲಿಲ್ಲ. ಟೈಲರಮ್ಮ ಮೇಲಿನ ಕಪಾಟಿನಿಂದ ಬಟ್ಟೆ ತೆಗೆಯಲು ಅದರ ಮೇಲೆ ಹತ್ತಿದರು, ಒಂದು ಕಾಲು ಕಿತ್ತುಬಂತು, ಎಡಮಂಡಿಯ ಚಿಪ್ಪು ಒಡೆಯಿತು.

ಬಿದ್ದು ಒಂಬತ್ತು ತಿಂಗಳಾಗಿತ್ತು, ಪ್ಲಾಸ್ಟರೂ ಬಿಚ್ಚಿಯಾಗಿತ್ತು. ಮಂಡಿ ಇನ್ನೂ ಪೂರ್ತಿ ಮಡಚುತ್ತಿರಲಿಲ್ಲ. ಮಾಮೂಲಿ ಕುರ್ಚಿಯಲ್ಲಿ ಕೂತು ಹೊಲಿಗೆ ಯಂತ್ರ ತುಳಿದರೆ ಮಧ್ಯಾಹ್ನದ ಹೊತ್ತಿಗೆ ಕಾಲು ಊದಿಕೊಳ್ಳುತ್ತಿತ್ತು. ಅವರ ಎತ್ತರಕ್ಕೆ ಸರಿಹೊಂದುವ ಸ್ಟೂಲು ಬೇಕು, ಇಲ್ಲದಿದ್ದರೆ ಹೊಲಿಗೆ ಬಿಡಬೇಕು ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅಂಗಡಿಯಿಂದ ಒಂದನ್ನು ತಂದರೆ ಮಿಲಿಮೀಟರು ಅದರ ಮೇಲೆ ಮಟ್ಟಗೋಲು ಇಟ್ಟು, "ಒಂದು ಕಾಲು ಗಿಡ್ಡ" ಎಂದು ವಾಪಸು ಕೊಟ್ಟು ಬಂದರು. "ನಾನೇ ಮಾಡ್ತೀನಿ. ಈ ಸಲ ಮೊಳೆ ಇಲ್ಲ."

ಮೊಳೆಯ ಬದಲು ಮರದ ಗೂಟ. ಕೂಡಬೇಕಾದ ಎರಡೂ ಮರಕ್ಕೆ ಎದುರುಬದುರು ತೂತು ಕೊರೆದು, ಅಂಟು ಹಚ್ಚಿ, ನಡುವೆ ಪುಟ್ಟ ಗೂಟ ಕೂರಿಸುವುದು. ತೂತು ಚೂರು ಆಚೀಚೆಯಾದರೂ ಕೆಲಸ ಕೆಟ್ಟಿತು. ಡ್ರಿಲ್ಲು ಹೇಳಿದ ಜಾಗದಲ್ಲೇ ನೆಟ್ಟಗೆ ಇಳಿಯಲೆಂದು ಮರಕ್ಕೆ ಕಚ್ಚಿಸುವ ಸಾಧನವೇ ಜಿಗ್ಗು. ಕೇಳಿದರೆ ಅಷ್ಟೇ. ಆದರೆ ಒಂದು ಜಿಗ್ಗು ಹಲಗೆಯ ನಡುಮಧ್ಯವನ್ನು ತಾನೇ ಹಿಡಿಯುತ್ತದಂತೆ, ನಡು ಬಿಟ್ಟು ಬೇರೆಲ್ಲೂ ಕೊರೆಯಲಾರದಂತೆ. ಇನ್ನೊಂದು ಎಲ್ಲಿ ಬೇಕಾದರೂ ಕೊರೆಯುತ್ತದಂತೆ, ಆದರೆ ಒಂದು ಮಗ್ಗುಲಿಗೆ ಒತ್ತಿ ಹಿಡಿಯಬೇಕಂತೆ. ಪ್ಲಾಸ್ಟಿಕ್ಕಿನದರ ಹೆಸರೆತ್ತುವಂತೆಯೇ ಇಲ್ಲ. ಹಾರ್ಡ್‌ವೇರ್ ಅಂಗಡಿಯವನಂತೂ ಇವರ ತಲೆ ಕಂಡರೆ ಗೋದಾಮಿನೊಳಗೆ ನುಸುಳುತ್ತಿದ್ದ.

"ನನ್ನನ್ನ ಮದುವೆ ಆಗೋಕೆ ಇಷ್ಟು ಯೋಚನೆ ಮಾಡಿದ್ರೇನ್ರೀ?"

"ಅದಕ್ಕೆ ಅಳತೆ ಬೇಕಿರಲಿಲ್ಲ."

ಟೈಲರಮ್ಮನ ಪಿತ್ತ ನೆತ್ತಿಗೇರಿತು. ಕುಂಟುತ್ತ ಅಂಗಡಿಗೆ ಹೋಗಿ, ಒತ್ತಿ ಹಿಡಿಯುವ ಜಿಗ್ಗೊಂದನ್ನು ತಂದು ಕಾಗದಗಳ ಮೇಲೆ ಕುಕ್ಕಿದರು.

"ಇದೇ ಯಾಕೆ?" ಮಿಲಿಮೀಟರು ಕಂಗಾಲಾಗಿ ಕೇಳಿದರು.

"ಕೈಗೆ ಸಿಕ್ಕಿದ್ದು ಇದು."

ಮರುದಿನ ತೂತುಗಳೆಲ್ಲ ಆದವು. ಸ್ಟೂಲಿನ ಕಾಲಿಗೆ ಅಡ್ಡಪಟ್ಟಿ ಕೂಡಿಸಹೋದರೆ, ಮೂರು ಮಿಲಿಮೀಟರ್ ಆಚೆ! "ನೋಡು, ಜಿಗ್ಗೇ ಸರಿಯಿಲ್ಲ. ನಾನು ಹೇಳ್ಲಿಲ್ವಾ?"

ಟೈಲರಮ್ಮ ಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ಇದರ ಹೊರಮೈ ಯಾವುದು?"

"ಮರಕ್ಕೆಲ್ಲಿಂದ ಬಂತು ಹೊರಮೈ?"

"ಎಷ್ಟೋ ಬಟ್ಟೆಗೂ ಎರಡೂ ಮೈ ಒಂದೇ ಥರ ಕಾಣುತ್ತೆ. ಅದಕ್ಕೇ ಮೊದಲೇ ಗುರುತು ಹಾಕೋದು. ಇಲ್ದಿದ್ರೆ ಎರಡು ತೋಳೂ ಒಂದೇ ಕೈಗೆ ಆಗುತ್ತೆ. ನೀವು ಜಿಗ್ಗನ್ನ ಕಾಲಿಗೆ ಹೊರಗಿಂದ ಒತ್ತಿದ್ದೀರಿ, ಪಟ್ಟಿಗೆ ಒಳಗಿಂದ. ಪಾಪ, ಅದೇನ್ರೀ ಮಾಡುತ್ತೆ?"

ಹೊಸ ಪಟ್ಟಿಗಳ ಹೊರಮೈಗೆಲ್ಲ ಟೈಲರಮ್ಮನೇ ಚಾಕ್‌ನಿಂದ ಗುರುತು ಹಾಕಿದರು. ಊರಿನ ಅಳತೆಗೋಲುಗಳನ್ನೆಲ್ಲ ತಿದ್ದಿದ ಮನುಷ್ಯ ಆ ಗುರುತು ನೋಡಿ ನೋಡಿ ಮತ್ತೆ ಕೊರೆದರು. ಈ ಸಲ ಗೂಟ ಇಳಿದು, ಪಟ್ಟಿ ಕಾಲಿಗೆ ಕಚ್ಚಿ ಕೂತಿತು.

ಸ್ಟೂಲೇನೋ ನಿಂತಿತು. ಹೆಂಡತಿಯನ್ನು ಕೂರಲು ಬಿಟ್ಟರೆ ತಾನೆ! ಅಂಟು ಒಣಗಲಿ ಎಂದು ಒಂದು ದಿನ ಕಳೆದರು. ಮರುದಿನ ಇಟ್ಟಿಗೆ ಪೇರಿಸಿದರು. ಮೂರನೆಯ ದಿನ ಟೈಲರಮ್ಮ ಬಂದು ನೋಡಿದರೆ, ತೊಡೆಯ ಮೇಲೆ ಮರಳಿನ ಚೀಲ ಇಟ್ಟುಕೊಂಡು ತಾವೇ ಕೂತಿದ್ದಾರೆ.

"ಏಳ್ರೀ ಮೇಲೆ! ನನಗೆ ಹೊಲಿಯೋದಿದೆ."

"ಇನ್ನೊಂದು ದಿನ ಕಣೇ. ಮತ್ತೆ ಬಿದ್ದುಗಿದ್ದರೆ..." ಮಿಲಿಮೀಟರು ಚೀಲವನ್ನು ಇನ್ನಷ್ಟು ಹತ್ತಿರಕ್ಕೆಳೆದುಕೊಂಡರು. "ಅವತ್ತು ಬಿದ್ದಾಗ ನೀನು ನನಗೆ ಒಂದು ಮಾತೂ ಬೈಲಿಲ್ಲ."

ನಿಜ. ಒದ್ದೆ ಟವೆಲ್ ಹಾಸಿಗೆಯ ಮೇಲೆ ಬಿಟ್ಟರೆ ಬೈಯುವವರು, ಜಿಗ್ಗಿಗಾಗಿ ದಿನಾ ಬೈದವರು, ಆ ದಿನದ ಬಗ್ಗೆ ಮಾತ್ರ ತುಟಿ ಬಿಚ್ಚಿರಲಿಲ್ಲ. ಗಂಡನ ಮುಖ ನೋಡಿ ಅಯ್ಯೋ ಪಾಪ ಅನ್ನಿಸಿ ಸುಮ್ಮನಿದ್ದರು. ಆ ಸುಮ್ಮನಿದ್ದದ್ದೇ ಒಂಬತ್ತು ತಿಂಗಳು ಇವರನ್ನು ಕೊರೆದಿದೆ ಎಂದು ಈಗ ಗೊತ್ತಾಯಿತು. ಟೈಲರಮ್ಮನಿಗೆ ಅಳುವೂ ಬಂತು, ಸಿಟ್ಟೂ ಬಂತು. ಸಿಟ್ಟೇ ಮೊದಲು ಹೊರಬಿತ್ತು.

"ಬೈಬೇಕಾ? ಹಾಗಾದ್ರೆ ಕೇಳಿ. ನಾಲ್ಕು ಮೊಳೆ ನೆಟ್ಟಗೆ ಹೊಡೆಯೋಕೆ ಬರದೆ ಆನೆ ಕೂರಿಸೋಕೆ ಹೊರಟಿದ್ರಲ್ಲ, ಬುದ್ಧಿ ಎಲ್ಲಿಟ್ಟಿದ್ರಿ? ಎಷ್ಟು ನೋವಾಯ್ತು ಗೊತ್ತೇನ್ರೀ ನನಗೆ?"

ಕಾಲು ಗಂಟೆ ಬೈದರು. ಪಕ್ಕದ ಮನೆಯ ಕಿಟಕಿ ತೆರೆಯಿತು, ಮತ್ತೆ ಮೆಲ್ಲಗೆ ಮುಚ್ಚಿತು. ಮಿಲಿಮೀಟರು ಚೀಲ ತಬ್ಬಿಕೊಂಡು ಒಂದಕ್ಷರ ಬಿಡದೆ ಕೇಳಿಸಿಕೊಂಡರು. ಮುಗಿದ ಮೇಲೆ ಎದ್ದು, ಸ್ಟೂಲನ್ನು ಯಂತ್ರದ ಮುಂದಕ್ಕೆ ಸರಿಸಿದರು.

ಟೈಲರಮ್ಮ ಕೂತರು. ಅಲ್ಲಾಡಲಿಲ್ಲ. ಯಂತ್ರ ತುಳಿಯತೊಡಗಿ ಕೆಳಗೆ ನೋಡಿದರೆ, ಮಿಲಿಮೀಟರು ನೆಲದ ಮೇಲೆ ಕೂತು ಎರಡು ಕೈಯಲ್ಲೂ ಸ್ಟೂಲಿನ ಕಾಲು ಹಿಡಿದುಕೊಂಡಿದ್ದರು.

"ಬಿಡ್ರೀ ಅದನ್ನ!"

"ಈ ಒಂದು ಅಂಗಿ ಮುಗೀಲಿ," ಎಂದರು ಮಿಲಿಮೀಟರು.