ಕರಗದ ನೋವಿನ ಮಾತ್ರೆ

ಕೋವಿಡ್ ಕಳೆದ ಮರುವರ್ಷ ನಾನು ಜೆ.ಪಿ. ನಗರದ ಒಂದು ಸಣ್ಣ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಮದ್ದನ್ನು ಮಾತ್ರೆಯ ರೂಪಕ್ಕೆ ತರುವ ಫಾರ್ಮುಲೇಷನ್ ವಿಭಾಗದ ಮುಖ್ಯಸ್ಥೆಯಾಗಿದ್ದೆ. ನಮ್ಮ ಕೈಗೆ ಬಂದದ್ದು ಒಂದು ಹೊಸ ನೋವುನಿವಾರಕ. ಗುಣ ಒಳ್ಳೆಯದೇ, ಆದರೆ ನೀರಿನಲ್ಲಿ ಕರಗುತ್ತಿರಲಿಲ್ಲ. ಕರಗದ ಮದ್ದು ರಕ್ತ ಸೇರುವುದಿಲ್ಲ; ನುಂಗಿದ್ದರಲ್ಲಿ ಬಹುಪಾಲು ಹೊಟ್ಟೆಯಿಂದ ಹಾಗೇ ಹೊರಗೆ ಹೋಗುತ್ತದೆ.

ಆ ಮದ್ದು ಹರಳುಗಳ ರೂಪದಲ್ಲಿತ್ತು; ಹರಳಿನೊಳಗೆ ಮದ್ದಿನ ಕಣಗಳು ಒತ್ತೊತ್ತಾಗಿ ಕೂತಿರುತ್ತವೆ. ಆ ಜೋಡಣೆಯನ್ನು ಕೆಡಿಸಿದರೆ ಬೇಗ ಕರಗುತ್ತವೆ. ಮದ್ದನ್ನು, ಕಣಗಳು ಮತ್ತೆ ಹರಳಾಗದಂತೆ ತಡೆಯುವ ಪಾಲಿಮರ್ ಜೊತೆ ದ್ರಾವಣ ಮಾಡಿ, ಬಿಸಿಗಾಳಿಯಲ್ಲಿ ಸಿಂಪಡಿಸಿ ಪುಡಿ ಮಾಡಿದೆವು. ಆ ಪುಡಿಯ ಮಾತ್ರೆ ನಿಮಿಷಗಳಲ್ಲಿ ಕರಗಿತು.

ಆಗ ಪದ್ಮನಾಭನಗರದಲ್ಲಿದ್ದ ನನ್ನ ಅಕ್ಕ ಶಾರದಾಳಿಗೆ ಕ್ಯಾನ್ಸರ್ ಮೂಳೆಗೆ ಹರಡಿತ್ತು. ಆಸ್ಪತ್ರೆಯ ಮಾತ್ರೆಗಳಿಗೆ ನೋವು ಪೂರ್ತಿ ಬಗ್ಗುತ್ತಿರಲಿಲ್ಲ.

"ನಿಮ್ಮ ಮಾತ್ರೆ ಒಂದೆರಡು ತಂದ್ಕೊಡೇ. ಯಾರಿಗೂ ಹೇಳಲ್ಲ" ಎಂದಳು.

"ಮನುಷ್ಯರಿಗೆ ಕೊಡೋ ಹಾಗಿಲ್ಲ ಅಕ್ಕ. ಇನ್ನೂ ಟೆಸ್ಟ್ ಆಗ್ಬೇಕು."

"ಸರಿ ಬಿಡು" ಎಂದು ಗೋಡೆಯ ಕಡೆ ಹೊರಳಿದಳು. ಮತ್ತೆ ಕೇಳಲಿಲ್ಲ.

ಮಾತ್ರೆಗಳನ್ನು ಬಿಸಿ ಮತ್ತು ತೇವ ಹೆಚ್ಚಿರುವ ಚೇಂಬರ್‌ನಲ್ಲಿ ಇಟ್ಟಿದ್ದೆವು. ಅಂಗಡಿ, ಮನೆಗಳಲ್ಲಿ ಮದ್ದು ಎಷ್ಟು ಕಾಲ ಕೆಡದೆ ಉಳಿಯುತ್ತದೆಂದು ತಿಳಿಯುವ ಪರೀಕ್ಷೆ ಅದು. ಕೆಲವು ವಾರಗಳ ನಂತರ ನನ್ನ ಸಹೋದ್ಯೋಗಿ ಮಹೇಶ ಎಕ್ಸ್-ರೇ ಗ್ರಾಫ್ ತಂದು ತೋರಿಸಿದ. ಸಪಾಟಾಗಿರಬೇಕಿದ್ದ ಗೆರೆಯಲ್ಲಿ ಮೊಳೆಯಂಥ ಮೊನೆಗಳು, ನಾವು ಪೀಕ್ ಎನ್ನುವವು, ಎದ್ದಿದ್ದವು. ತೇವ ಹೀರಿ ಮದ್ದು ಮತ್ತೆ ಹರಳುಗಟ್ಟಿತ್ತು.

ಪಾಲಿಮರ್ ಬದಲಿಸಿದೆವು, ಅದರ ಪ್ರಮಾಣ ಹೆಚ್ಚಿಸಿದೆವು, ಮಾತ್ರೆಗಳನ್ನು ಅಲ್ಯೂಮಿನಿಯಂ ಹಾಳೆಯಲ್ಲಿ ಮುಚ್ಚಿದೆವು. ಮತ್ತೆ ಚೇಂಬರ್, ಮತ್ತೆ ಕಾಯುವುದು. ಆ ನಡುವೆ ಅಕ್ಕ ತೀರಿಕೊಂಡಳು. ಕಾರ್ಯಗಳು ಮುಗಿದ ಮೇಲೆ ನಾನು ಕೆಲಸಕ್ಕೆ ಮರಳಿದೆ.

ಒಂದು ಬೆಳಿಗ್ಗೆ ಮಹೇಶ ಓಡಿ ಬಂದ. "ಮೇಡಂ, ಒಂದು ಪೀಕೂ ಇಲ್ಲ! ಸಖತ್ತಾಗಿ ಕರಗ್ತಾ ಇದೆ!"

"ಇನ್ನೊಂದ್ಸಲ ಮಾಡಿ ನೋಡಪ್ಪ" ಎಂದೆ.

ಎರಡನೆಯ ಸಲವೂ ಅದೇ ಫಲಿತಾಂಶ. ಹುಡುಗರು ಬೇಕರಿಯಿಂದ ಕೇಕ್ ತರಿಸಿದರು. ನಾನೂ ಒಂದು ತುಂಡು ತಿಂದೆ, ರುಚಿ ತಿಳಿಯಲಿಲ್ಲ. ಸಂತೋಷವೂ ಇಲ್ಲ, ದುಃಖವೂ ಇಲ್ಲ. ವರದಿಗೆ ಸಹಿ ಹಾಕಿ, ಮುಂದಿನ ಬ್ಯಾಚ್‌ನ ಕೆಲಸ ಹಂಚಿದೆ.

ಈ ಸಂಗತಿ ಕೇಳಿದವರು, "ಆ ಮೊದಲ ಮಾತ್ರೆ ಹೇಗೂ ಹರಳುಗಟ್ಟಿ ಹೋಯ್ತಲ್ಲ, ಕೊಟ್ಟಿದ್ದರೂ ಉಪಯೋಗವಾಗ್ತಿರ್ಲಿಲ್ಲ ಬಿಡಿ" ಎಂದು ಸಮಾಧಾನ ಹೇಳುತ್ತಾರೆ. ಆದರೆ ಅಕ್ಕ ಕೇಳಿದ ದಿನ ಅದು ಚೆನ್ನಾಗಿಯೇ ಕರಗುತ್ತಿತ್ತು. ಆದರೂ ಪರೀಕ್ಷೆ ಮುಗಿಯದ ಮದ್ದನ್ನು ಕೊಡದೆ ಇದ್ದದ್ದು ಸರಿ. ಇಂದು ಕೇಳಿದರೂ ಕೊಡುವುದಿಲ್ಲ. ಸರಿಯಾದದ್ದನ್ನು ಮಾಡಿದರೆ ಮನಸ್ಸು ಹಗುರಾಗುತ್ತದೆ ಎಂದು ನಂಬಿದ್ದೆ. ಹಾಗೆ ಆಗಲೇಬೇಕೆಂದೇನೂ ಇಲ್ಲ ಎಂಬುದನ್ನು ಈ ವೃತ್ತಿ ಕಲಿಸಿತು.